ಬಾಗಿಲಿಗೆ ಬಂದ ಬೀಸುಕಲ್ಲು

ಗಂಡ ನನಗೆ ಮೋಸ ಮಾಡಲಿಲ್ಲ. ಹೋಗುವಾಗ "ಬರ್ತೇನಿ" ಅಂದ, ನಾನು ನಂಬಿದೆ. ಆದದ್ದು ಇಷ್ಟೇ. ತಮ್ಮನ ಮೊಮ್ಮಕ್ಕಳು ಇದರಲ್ಲಿ ದೊಡ್ಡ ಕಥೆ ಹುಡುಕುತ್ತಾರೆ. ಇಲ್ಲ.

ನಮ್ಮ ಕಡೆ ಹೊಸ್ತಿಲು ದಾಟುವವರು ಯಾರೂ "ಹೋಗ್ತೇನಿ" ಅನ್ನುವುದಿಲ್ಲ. ಹೋಗುವುದು ಹೆಣ. ಸಂತೆಗೆ ಹೊರಟವನೂ ಬರ್ತೇನಿ ಅಂತಾನೆ, ಬಳೆ ತೊಡಿಸಿ ಎದ್ದ ಬಳೆಗಾರನೂ ಬರ್ತೇನಿ ಅಂತಾನೆ. ಹುಟ್ಟಿದಾಗಿನಿಂದ ಕೇಳಿದ ಮಾತು. ಅವನ ಬಾಯಿಂದ ಬಂದಾಗ ಮಾತ್ರ ಅದನ್ನು ವಚನವೆಂದು ತಿಳಿದೆ.

ಅವನು ಸೊಲ್ಲಾಪುರದ ಬಟ್ಟೆ ಗಿರಣಿಗೆ ಹೋದದ್ದು ಯುದ್ಧದ ಕಾಲದಲ್ಲಿ. ಅತ್ತೆ ಮಾವ ಅದಕ್ಕೂ ಮೊದಲೇ ತೀರಿದ್ದರು. ಮಾಸೂರಿನಲ್ಲಿ ನಮ್ಮ ಮನೆಯ ಎದುರಿಗೇ ಹಿರೇಕೆರೂರಿನ ಮೋಟಾರು ನಿಲ್ಲುತ್ತಿತ್ತು. ಪೆಟ್ರೋಲ್ ಸಿಗದೆ ಇದ್ದಿಲಿನ ಮೇಲೆ ಓಡುವ ಮೋಟಾರು; ಕಾಣುವ ಮೊದಲೇ ಅದರ ಕೆಮ್ಮು ಕೇಳುತ್ತಿತ್ತು. ಇಳಿಯುವವರು ಕಾಣಲಿ ಎಂದು ಒಳಗಿದ್ದ ಬೀಸುಕಲ್ಲನ್ನು ತಲೆಬಾಗಿಲಿಗೆ ಎಳೆದು ತಂದೆ. ಕೈ ಕಲ್ಲಿನ ಮೇಲೆ, ಕಣ್ಣು ರಸ್ತೆಯ ಮೇಲೆ. ಹಿಟ್ಟು ಗಾಳಿಗೆ ಹಾರುತ್ತಿತ್ತು, ಉಳಿಯುತ್ತಿದ್ದದ್ದು ನುಚ್ಚು. ಅದರ ರೊಟ್ಟಿ ತಟ್ಟುವಾಗಲೇ ಹರಿಯುತ್ತದೆ. ಹರಿಯದ ಒಂದನ್ನು ಅವನಿಗೆಂದು ಮುಚ್ಚಿಡುತ್ತಿದ್ದೆ, ಸಂಜೆ ಅದನ್ನೇ ತಣ್ಣಗೆ ತಿನ್ನುತ್ತಿದ್ದೆ. ಮಾತಿಗೆ ಯಾರೂ ಇರಲಿಲ್ಲ. ಎಮ್ಮೆಯನ್ನು ಬೈಯುತ್ತಿದ್ದೆ.

ಪಕ್ಕದ ಮನೆಯ ಮುದುಕಿಯನ್ನು ಆಯಿ ಎನ್ನುತ್ತಿದ್ದೆ. ಹಾದುಹೋಗುವಾಗ ಅವಳು ಸುಮ್ಮನೆ ಹೋದವಳಲ್ಲ.

"ಏನವ್ವಾ, ಆ ಮೋಟಾರಿಗೆ ರೊಟ್ಟಿ ಮಾಡಿ ಹಾಕಾಕೀ ಏನು?"

"ಬರ್ತೇನಿ ಅಂದಾರ, ಆಯಿ."

"ಮತ್ತೇನಂತಾರ? ನನ್ನ ಗಂಡನೂ ಹೊಲಕ್ಕ ಹೋಗೂಮುಂದ ಬರ್ತೇನಿ ಅಂದಿದ್ದ. ಹೊತ್ಗೊಂಡ ಬಂದ್ರು."

ಒಂದು ಮಧ್ಯಾಹ್ನ ಮೋಟಾರಿನಿಂದ ನಮ್ಮೂರವನೊಬ್ಬ ಇಳಿದ. ಅದೇ ಗಿರಣಿಯಲ್ಲಿ ದುಡಿಯುವವನು. ಕಟ್ಟೆಯ ಮೇಲೆ ಕುಳಿತು ನೀರು ಕುಡಿದ.

"ಹೆಂಗದಾರ್ರಿ ನಮ್ಮನಿಯವರು?"

"ಆರಾಮ ಅದಾನ, ತಂಗಿ. ಅಲ್ಲೇ ಮನೀ ಮಾಡ್ಯಾನ."

"ಒಬ್ಬರ ಅದಾರೇನ್ರಿ?"

ಅವನು ತಂಬಿಗೆಯ ತಳ ನೋಡಿದ. "ಇಲ್ಲವ್ವಾ. ಒಂದು ಕೂಸೂ ಐತಿ."

ಎದ್ದು ರುಮಾಲು ಸುತ್ತಿಕೊಂಡು, "ಬರ್ತೇನಿ, ತಂಗಿ" ಅಂದ. ನನಗೆ ನಗು ಬಂತು. ಅವನು ಹೆದರಿ ನಿಂತ.

"ಹೋಗ್ರಿ," ಅಂದೆ.

ಆಮೇಲೆ ಅತ್ತದ್ದು ನಿಜ. ಎಮ್ಮೆ ಒದರಿತು, ಎದ್ದು ಹಿಂಡಿದೆ. ಒಂಟಿತನ ಅವತ್ತು ಹೋಗಲಿಲ್ಲ, ಈಗಲೂ ಮನೆಯಲ್ಲೇ ಇದೆ. ಆದರೆ ರಸ್ತೆ ನೋಡುತ್ತ ಅಷ್ಟು ದಿನ ತಿಂದ ರೊಟ್ಟಿಗಳಲ್ಲಿ ಒಂದರ ರುಚಿಯೂ ನನಗೆ ನೆನಪಿಲ್ಲ. ಅದಷ್ಟೇ ನಷ್ಟ ಎಂದು ಕಾಣುತ್ತದೆ.

ಮರುದಿನ ಬೆಳಿಗ್ಗೆ ಬೀಸುಕಲ್ಲನ್ನು ಒಳಗೆ ಎಳೆದು, ಬಾಗಿಲಿಗೆ ಬೆನ್ನು ಮಾಡಿ ಕುಳಿತೆ. ಮೋಟಾರು ಕೆಮ್ಮುತ್ತ ಬಂತು, ಕೆಮ್ಮುತ್ತ ಹೋಯಿತು. ಜೋಳವನ್ನು ಸ್ವಲ್ಪ ಸ್ವಲ್ಪವೇ ಹಾಕಿ ಬೀಸಿದೆ. ಹಿಟ್ಟು ನುಣ್ಣಗೆ ಬಿತ್ತು, ರೊಟ್ಟಿ ಹರಿಯಲಿಲ್ಲ, ಉಬ್ಬಿತು. ಮೊದಲನೆಯದನ್ನು ಹಂಚಿನಿಂದ ತೆಗೆದು, ಬೆಣ್ಣೆ ಸವರಿ, ಒಲೆಯ ಮುಂದೆಯೇ ಕುಳಿತು ತಿಂದೆ. ಬಾಯಿ ಸುಟ್ಟಿತು. ಇನ್ನೊಂದು ತಟ್ಟಿದೆ.