ಕಾಕುವಿನ ಎಡಗಿವಿ

ಕಳೆದ ತಿಂಗಳು ಹೈದರಾಬಾದಿನ ಕೊಂಡಾಪುರದಲ್ಲಿ ಹೊಸದಾಗಿ ತೆರೆದ ಕಾಫಿ ಅಂಗಡಿಯೊಂದಕ್ಕೆ ಹೋಗಿದ್ದೆ. ಗೋಡೆಯ ತುಂಬ ಹಳೆಯ ರೆಕಾರ್ಡುಗಳನ್ನು ಮೊಳೆ ಹೊಡೆದು ತೂಗುಹಾಕಿದ್ದರು, ಬರೀ ಅಲಂಕಾರಕ್ಕೆ. ಕೆಳಗಿನ ಗೂಡಿನಲ್ಲಿ ಅವುಗಳ ರಟ್ಟಿನ ಹೊದಿಕೆಗಳು ಬಿದ್ದಿದ್ದವು. ಸುಮ್ಮನೆ ಒಂದನ್ನು ಎತ್ತಿಕೊಂಡೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ರೆಕಾರ್ಡುಗಳನ್ನು ರೇಷ್ಮೆ ಸೀರೆಗಳ ನಡುವೆ ನುಸಿಗುಳಿಗೆ ಹಾಕಿ ಇಡುತ್ತಿದ್ದವರು ನನಗೆ ಗೊತ್ತಿದ್ದಂತೆ ಒಬ್ಬರೇ... ಕಾಫಿ ಬಂತು, ಆರಿಯೂ ಹೋಯಿತು.

ನಾನು ಮೈಸೂರಿನಿಂದ ಹೈದರಾಬಾದಿಗೆ ಬಂದಾಗ ಗಚ್ಚಿಬೌಲಿ ಕಡೆ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಆಫೀಸಿನಲ್ಲಿ ನನ್ನ ವಯಸ್ಸಿನವರೆಲ್ಲ ನಾಲ್ಕೈದು ಜನ ಸೇರಿ ಮನೆ ಮಾಡಿಕೊಂಡಿದ್ದರು. ನನಗೆ ಬೇಗ ಬೆರೆಯಲು ಬಾರದು. ತಂದೆಯ ಪರಿಚಯದವರೊಬ್ಬರು ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಒಂದು ಮಹಡಿ ಕೋಣೆ ಕೊಡಿಸಿದರು. ಲೋಕಲ್ ರೈಲು ಆಗಷ್ಟೇ ಶುರುವಾಗಿತ್ತು. ಬೆಳಿಗ್ಗೆ ಅದರಲ್ಲಿ ಹೋಗಿ ಸಂಜೆ ಅದರಲ್ಲೇ ಮರಳುತ್ತಿದ್ದೆ. ಶನಿವಾರ, ಭಾನುವಾರಗಳಂದು ಯಾರೊಂದಿಗೂ ಒಂದು ಮಾತೂ ಆಡದೆ ಸೋಮವಾರ ಬರುತ್ತಿದ್ದುದುಂಟು.

ಮನೆಯೊಡತಿ ಕೆಳಗೆ ಒಬ್ಬರೇ ಇದ್ದರು. ಅರವತ್ತು ದಾಟಿದ್ದ ವಿಧವೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ನಿವೃತ್ತರಾದವರು. ಹುಟ್ಟೂರು ಕೊಪ್ಪಳದ ಕಡೆ. ಇದ್ದೊಬ್ಬ ಮಗಳನ್ನು ಪುಣೆಗೆ ಕೊಟ್ಟಿದ್ದರು. ಮೊದಲ ದಿನ ನಾನು "ಆಂಟಿ" ಎಂದು ಕರೆದಾಗ ಅವರು ಮುಖ ಸಿಂಡರಿಸಿದರು.

"ಆಂಟಿ ಗೀಂಟಿ ಬ್ಯಾಡಪಾ. ಕಾಕು ಅನ್ನು. ನಮ್ಮ ಕಡೆ ಚಿಗವ್ವಗ ಹಂಗ ಅಂತಾರ. ಗಲ್ಲಿ ಮಂದಿನೂ ಎಲ್ಲಾ ಹಂಗ ಕರೀತಾರ."

ಗಲ್ಲಿಯ ಮಂದಿ ಹಾಗೆ ಕರೆಯುತ್ತಿದ್ದುದೇನೋ ನಿಜ, ಆದರೆ ಬಾಗಿಲೊಳಗೆ ಬರುತ್ತಿದ್ದವರು ಯಾರೂ ಇರಲಿಲ್ಲ.

ಸಂಜೆಯಾದರೆ ಕೆಳಗಿನಿಂದ ಸಂಗೀತ ಕೇಳಿಸುತ್ತಿತ್ತು. ಭಜನೆಯಲ್ಲ, ಸಿನಿಮಾದ್ದೂ ಅಲ್ಲ. ಒಬ್ಬ ತುತ್ತೂರಿ ಊದಿದರೆ ಇನ್ನೊಬ್ಬ ಅವನ ಮಾತಿಗೆ ಅಡ್ಡ ಬಂದಂತೆ ಪಿಯಾನೊ ಬಾರಿಸುತ್ತಿದ್ದ. ಆಗ ನನಗೆ ಅದು ಬರೀ ಗಲಾಟೆ. ಜಾಝ್ ಎಂಬ ಪದವನ್ನು ಪತ್ರಿಕೆಯಲ್ಲಿ ಓದಿದ್ದೆ, ಅಷ್ಟೆ. ಸೆರಗು ಹೊದ್ದು, ಹಣೆಗೆ ವಿಭೂತಿ ಹಚ್ಚಿಕೊಂಡು, ಬೆಳಿಗ್ಗೆ ರೊಟ್ಟಿ ಬಡಿಯುವ ಈ ಹೆಂಗಸಿಗೂ ಅದಕ್ಕೂ ಏನು ಸಂಬಂಧ ಎಂದು ತಿಳಿಯಲಿಲ್ಲ. ಕೇಳುವಷ್ಟು ಸಲುಗೆಯೂ ಇರಲಿಲ್ಲ.

ಒಂದು ಭಾನುವಾರ ಸಂಜೆ ಕೆಳಗೆ ರೆಕಾರ್ಡು ಸಿಕ್ಕಿಕೊಂಡಿತು. ಎರಡೇ ಸ್ವರ, ಮತ್ತೆ ಅವೇ ಎರಡು, ಮತ್ತೆ ಅವೇ. ಐದು ನಿಮಿಷ ಕಾದೆ. ಅವರಿಗೆ ಏನಾದರೂ ಆಯಿತೇನೋ ಎಂದು ಹೆದರಿ ಇಳಿದು ಹೋದೆ. ಬಾಗಿಲು ಅರೆ ತೆರೆದಿತ್ತು. ಕಾಕು ಪ್ಲೇಯರಿನ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ಆ ತಾಳಕ್ಕೂ ಸಿಕ್ಕಿಕೊಂಡ ಎರಡು ಸ್ವರಗಳಿಗೂ ಸಂಬಂಧವೇ ಇರಲಿಲ್ಲ. ಅವರು ಬೇರೇನನ್ನೋ ಕೇಳುತ್ತಿದ್ದರು. ಹಾಡು ಅವರೊಳಗೆ ಸರಾಗವಾಗಿ ಮುಂದಕ್ಕೆ ಹೋಗುತ್ತಿತ್ತು...

ನಾನು ಮುಳ್ಳನ್ನು ಎತ್ತಿದೆ. ನೆರಳು ಬಿದ್ದಿದ್ದಕ್ಕೆ ಅವರು ಕಣ್ಣು ತೆರೆದರು. ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ಮುಳ್ಳನ್ನು ನೋಡಿದರು. ಅವರಿಗೆ ಎಲ್ಲವೂ ಅರ್ಥವಾಯಿತು.

"ಎಷ್ಟು ಹೊತ್ತಾಗಿತ್ತು?" ಎಂದರು.

"ಈಗ ತಾನೇ, ಕಾಕು."

"ಸುಳ್ಳು ಹೇಳಬ್ಯಾಡ. ಬಲಗಿವಿ ಹೋಗಿ ಮೂರು ವರ್ಷಾತು. ಎಡದ್ದು ಸಣ್ಣಾಗಿ ಹೊಂಟೈತಿ. ಮಗಳಿಗೆ ಹೇಳಿಲ್ಲ. ಹೇಳಿದ್ರ ಕರಕೊಂಡು ಹೋಗ್ತಾಳ."

ಅಂದು ಅವರು ನನಗೆ ಅವಲಕ್ಕಿ ಕೊಟ್ಟು ಎಲ್ಲವನ್ನೂ ಹೇಳಿದರು. ಇಪ್ಪತ್ತನೇ ವಯಸ್ಸಿಗೆ ಎಕ್ಸ್‌ಚೇಂಜಿಗೆ ಸೇರಿದಾಗ ಪಕ್ಕದ ಬೋರ್ಡಿನಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಹುಡುಗಿ ಇದ್ದಳಂತೆ. ಸಿಕಂದರಾಬಾದಿನ ರೈಲ್ವೆಯವರ ಕಾಲೊನಿಯಲ್ಲಿ ಶನಿವಾರ ಸಂಜೆ ಅವಳ ಅಣ್ಣಂದಿರು ಬ್ಯಾಂಡ್ ಬಾರಿಸುತ್ತಿದ್ದರು. ಗೆಳತಿಯ ಮನೆಗೆ ಹೊಲಿಗೆ ಕಲಿಯಲು ಹೋಗುತ್ತೇನೆಂದು ಹೇಳಿ ಕಾಕು ಹೋಗುತ್ತಿದ್ದರು. ಅವರು ಕುಣಿಯಲಿಲ್ಲ. ಗೋಡೆಯ ಪಕ್ಕದ ಬೆಂಚಿನಲ್ಲಿ ಕುಳಿತು ಕೇಳಿದರು, ಅಷ್ಟೆ. ಎರಡು ವರ್ಷಗಳ ಬಳಿಕ ಗೆಳತಿಯ ಕುಟುಂಬ ಆಸ್ಟ್ರೇಲಿಯಾಕ್ಕೆ ಹೊರಟಾಗ ಹಡಗಿಗೆ ಭಾರವಾಗುತ್ತದೆಂದು ಅವಳು ಒಂದು ಪೆಟ್ಟಿಗೆ ರೆಕಾರ್ಡುಗಳನ್ನು ಇವರ ಬಳಿ ಬಿಟ್ಟುಹೋದಳು. ಮದುವೆಯಾದ ಮೇಲೆ ಗಂಡನಿಗೆ ಆ ಸದ್ದು ಸೇರಲಿಲ್ಲ. ಗಂಡನೂ ಮಗಳೂ ಮನೆಯಲ್ಲಿ ಇಲ್ಲದಾಗ ಮಾತ್ರ ಪೆಟ್ಟಿಗೆ ತೆರೆಯಬೇಕಿತ್ತು. ಆದರೂ ಕಾಕು ಭಾನುವಾರ ಅಬಿಡ್ಸಿನ ಫುಟ್‌ಪಾತಿಗೆ ಹೋಗಿ ಹಳೆಯ ಪುಸ್ತಕಗಳ ರಾಶಿಯ ನಡುವೆ ಹುಡುಕಿ, ಒಂದೊಂದೇ ರೆಕಾರ್ಡು ತಂದು ಸೀರೆಗಳ ಮಡಿಕೆಯಲ್ಲಿ ಸೇರಿಸಿದರು. ನಲವತ್ತು ವರ್ಷಗಳಲ್ಲಿ ಎರಡು ಬೀರು ತುಂಬಿದ್ದವು.

"ಮೂವತ್ತು ವರ್ಷ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಮಂದಿ ಮಾತು ಮಂದಿಗೆ ಕೂಡಿಸಿದೆ," ಎಂದರು. "ನಂದು ಅಂತ ಕೇಳೂದು ಇದೊಂದ ಇತ್ತು."

ಕಿವಿಗೆ ಹಾಕುವ ಯಂತ್ರವೊಂದನ್ನು ಅವರು ಆಗಲೇ ತಂದಿದ್ದರು. ಅದರಲ್ಲಿ ಮಾತು ಕೇಳಿಸುತ್ತಿತ್ತು, ಸಂಗೀತ ಮಾತ್ರ ತಗಡಿನ ಮೇಲೆ ಹರಳು ಸುರಿದಂತಾಗುತ್ತಿತ್ತಂತೆ. ಹಾಗಾಗಿ ರೆಕಾರ್ಡು ಹಾಕುವಾಗ ಅದನ್ನು ತೆಗೆದು ಪಕ್ಕಕ್ಕಿಡುತ್ತಿದ್ದರು.

ಮುಂದಿನ ವಾರ ನನ್ನನ್ನು ತಾವೇ ಕರೆದರು. ಕುರ್ಚಿಯ ಎಡಕ್ಕೆ ಒಂದು ಸ್ಟೂಲು ಹಾಕಿದ್ದರು. ರೆಕಾರ್ಡು ತಿರುಗತೊಡಗಿದಾಗ ಹೇಳಿದರು: "ಈ ಕಿವ್ಯಾಗ ಹೇಳು. ಈಗ ಏನು ನಡದೈತಿ?"

"ಪಿಯಾನೊ ಬರ್ತಿದೆ, ಕಾಕು."

"ಅದು ನನಗೂ ಗೊತ್ತೈತಿ. ಹ್ಯಾಂಗ ಬಾರಸಾಕತ್ತಾನ ಹೇಳು."

ಸಂಗೀತದ ಒಂದು ಶಬ್ದವೂ ನನ್ನ ಬಳಿ ಇರಲಿಲ್ಲ. ಸ್ವಲ್ಪ ಹೊತ್ತು ಕೇಳಿ, "ಯಾರಿಗೋ ಹೇಳೋದು ಬೇಡ ಅಂತಿದ್ದ ಮಾತನ್ನ ಅರ್ಧ ಹೇಳಿ ನಿಲ್ಲಿಸಿದ ಹಾಗಿದೆ" ಎಂದೆ. ಕಾಕು ನಕ್ಕರು. "ಹೌದಲ್ಲಾ! ಈಗ ಡ್ರಮ್ಮಿನಾಂವ ಒಳಗ ಬರ್ತಾನ ನೋಡು. ಭಾಳ ಮೆತ್ತಗ." ಬಂದ. ನಿಜಕ್ಕೂ ಮೆತ್ತಗೆ ಬಂದ.

ಹೀಗೆ ಸುಮಾರು ಎರಡು ವರ್ಷ. ವಾರದಲ್ಲಿ ಎರಡೋ ಮೂರೋ ಸಂಜೆ ನಾನು ಕೇಳಿದ್ದನ್ನು ಅವರ ಎಡಗಿವಿಯಲ್ಲಿ ಹೇಳುತ್ತಿದ್ದೆ, ಅವರು ನೆನಪಿನಿಂದ ತಿದ್ದುತ್ತಿದ್ದರು. "ಬಾಸ್ ಬಿಟ್ಟೀ ನೀನು. ತಳದಾಗ ಒಬ್ಬಾಂವ ನಡಕೋಂತ ಹೊಂಟಾನ, ಅವನ್ನ ಕೇಳಂಗಿಲ್ಲೇನು?" ಎಂದು ಬೈಯುತ್ತಿದ್ದರು. ಜಾಝ್ ಕೇಳುವುದನ್ನು ನಾನು ಕಲಿತದ್ದು ಹೀಗೆ. ಅದಕ್ಕಿಂತ ಹೆಚ್ಚಾಗಿ, ಆಫೀಸಿನಿಂದ ಬರುವಾಗ ರೈಲಿನಲ್ಲಿ ನನಗೆ ಮನೆಗೆ ಹೋಗುತ್ತಿದ್ದೇನೆ ಎನ್ನಿಸತೊಡಗಿತ್ತು.

ಒಂದು ದಿನ ಪತ್ರಿಕೆಯಲ್ಲಿ ಸುದ್ದಿ ಬಂತು. ಹೊರದೇಶದ ನಾಲ್ವರು ಕಲಾವಿದರ ಜಾಝ್ ಕಛೇರಿ, ಊರಿನ ಬಯಲು ರಂಗಮಂದಿರದಲ್ಲಿ. ಎದುರಿಗೆ ಕುಳಿತು ಕಾಕು ಕೊನೆಯದಾಗಿ ಕೇಳಿದ್ದು ಆ ಕಾಲೊನಿಯ ಬೆಂಚಿನಲ್ಲಿ. ಅವರ ಎಡಗಿವಿ ಆ ಹೊತ್ತಿಗೆ ಬಹಳ ಹೋಗಿತ್ತು. ನನಗೆ ಅನುಮಾನವಿತ್ತು, ಅವರಿಗಿರಲಿಲ್ಲ. ಬೀರುವಿನಿಂದ ಇಳಕಲ್ ಸೀರೆ ತೆಗೆದು ಉಟ್ಟು, ಹೇಳಿದ ಸಮಯಕ್ಕಿಂತ ಒಂದು ಗಂಟೆ ಮುಂಚೆ ಬಾಗಿಲಲ್ಲಿ ನಿಂತಿದ್ದರು.

ಎರಡನೇ ಸಾಲಿನಲ್ಲಿ ಕುಳಿತೆವು. ಕಛೇರಿ ಶುರುವಾಗುತ್ತಿದ್ದಂತೆ ನಾನು ಎಂದಿನ ಹಾಗೆ ಅವರ ಕಿವಿಯ ಬಳಿ ಬಾಗಿ ಹೇಳತೊಡಗಿದೆ. ಅವರಿಗೆ ಕೇಳಿಸಬೇಕಾದರೆ ದನಿ ಎತ್ತಬೇಕಿತ್ತು. ಹಿಂದಿನವರು ನನ್ನ ಭುಜ ಮುಟ್ಟಿ, "ಸಾರ್, ಕೊಂಚೆಂ ಮಾಟ್ಲಾಡಕುಂಡಾ ಉಂಡಂಡಿ" ಎಂದರು. ಮಾತು ನಿಲ್ಲಿಸಿ ಕಛೇರಿಯ ಪಾಸಿನ ಹಿಂಬದಿಯಲ್ಲಿ ಬರೆದು ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ ತಲೆಯಾಡಿಸಿದರು. ಆಮೇಲೆ ಸ್ಯಾಕ್ಸೊಫೋನಿನವನು ಒಬ್ಬನೇ ಮುಂದೆ ಬಂದ. ಮಿಕ್ಕವರು ಒಬ್ಬೊಬ್ಬರಾಗಿ ಸುಮ್ಮನಾದರು. ಅವನು ಊದಿದ್ದನ್ನು ನಾನು ಇಂದಿಗೂ ವಿವರಿಸಲಾರೆ... ಬರೆಯುವುದು ಮರೆತೆ. ಪಕ್ಕದಲ್ಲಿ ಕಾಕು ಇದ್ದಾರೆಂಬುದೂ ಮರೆತುಹೋಯಿತು. ಎಷ್ಟು ಹೊತ್ತೋ.

ಚಪ್ಪಾಳೆಗೆ ಎಚ್ಚರವಾಗಿ ತಿರುಗಿದೆ. ಕಾಕು ವೇದಿಕೆಯನ್ನು ನೋಡುತ್ತಿರಲಿಲ್ಲ. ಪೂರ್ತಿ ನನ್ನ ಕಡೆ ತಿರುಗಿ ನನ್ನನ್ನೇ ನೋಡುತ್ತಿದ್ದರು.

ಆಟೋದಲ್ಲಿ ಬರುವಾಗ ಅವರ ಕಿವಿಯ ಬಳಿ, "ತಪ್ಪಾಯ್ತು ಕಾಕು. ಬರೆಯೋದು ಮರೆತೇ ಹೋಯ್ತು," ಎಂದೆ.

"ನನಗ ಒಂದು ಸ್ವರಾನೂ ಕೇಳಲಿಲ್ಲಪಾ," ಎಂದರು. "ನಿನ್ನ ಮಾರಿ ನೋಡಕೋಂತ ಕುಂತಿದ್ದೆ. ಎಲ್ಲಾ ಅಲ್ಲೇ ಇತ್ತು. ಸಾಕಾತು ನನಗ."

ಅವರ ದನಿಯಲ್ಲಿ ಬೇಸರವಿರಲಿಲ್ಲ. ಅದಕ್ಕೇ ನನಗೆ ತಡೆಯಲಾಗಲಿಲ್ಲ. ಮುಖ ಹೊರಗೆ ತಿರುಗಿಸಿ ಕುಳಿತೆ.

ಆಮೇಲೆ ಅವರು ನನ್ನನ್ನು ಕೆಳಗೆ ಕರೆಯುವುದು ಕಡಿಮೆಯಾಯಿತು. ಆಫೀಸಿನಲ್ಲೂ ಕೆಲಸ ಹೆಚ್ಚಿತ್ತು. ಎರಡು ತಿಂಗಳ ಬಳಿಕ ಒಂದು ಸಂಜೆ ಹೋದಾಗ ಬೀರುಗಳ ಬಾಗಿಲು ತೆರೆದಿತ್ತು. ಒಳಗೆ ಸೀರೆಗಳಷ್ಟೇ ಇದ್ದವು. ಪ್ರತಿ ಭಾನುವಾರ ಒಂದು ಚೀಲ ತುಂಬಿಕೊಂಡು ಹೋಗಿ ಎಲ್ಲ ರೆಕಾರ್ಡುಗಳನ್ನೂ ಅದೇ ಅಬಿಡ್ಸಿನ ಫುಟ್‌ಪಾತಿನವನಿಗೆ ಕೊಟ್ಟು ಬಂದಿದ್ದರು. ಮಗಳಿಗೆ ಕಿವಿಯ ವಿಷಯ ತಿಳಿದು, ಪುಣೆಗೆ ಹೊರಡುವುದು ನಿಶ್ಚಯವಾಗಿತ್ತು.

ನನಗೆ ಸಿಟ್ಟು ಬಂತು. "ನಂಗೆ ಕೊಡಬಹುದಿತ್ತಲ್ಲ, ಕಾಕು?" ಎಂದು ಕೂಗಿಯೇ ಕೇಳಿದೆ. ಮೆಲ್ಲಗೆ ಕೇಳಿದ್ದರೆ ಅವರಿಗೆ ಕೇಳಿಸುತ್ತಲೂ ಇರಲಿಲ್ಲ.

ಅವರು ನನ್ನನ್ನು ಕೂರಿಸಿದರು. "ನಿನಗ ಕೊಟ್ರ ಏನ್ಮಾಡ್ತೀ? ಬಾಗಲಾ ಹಾಕ್ಕೊಂಡು ಒಬ್ಬನ ಕುಂತು ಕೇಳ್ತೀ. ನನ್ಹಂಗ. ನಲವತ್ತು ವರ್ಷ ನಾ ಹಂಗ ಕೇಳೀನಿ, ಅದರಾಗ ಏನೂ ಸುಖ ಇಲ್ಲ. ನಾಕು ಮಂದಿ ಕೂಡಿದ ಕಡೆ ಹೋಗಿ ಕೇಳು. ಕೇಳಿದ್ದು ನನಗ ಬರದು ಕಳಿಸು. ಕಣ್ಣು ಇನ್ನೂ ಚಲೋ ಅದಾವು."

ಅವರು ಪುಣೆಗೆ ಹೋದರು. ಮನೆ ಮಾರಾಟವಾಯಿತು, ನಾನು ಕೊಂಡಾಪುರಕ್ಕೆ ಬಂದೆ. ಎರಡು ಮೂರು ಭಾನುವಾರ ಅಬಿಡ್ಸಿನಲ್ಲಿ ಸುತ್ತಿ ಅವರ ನಾಲ್ಕು ರೆಕಾರ್ಡುಗಳನ್ನು ಹುಡುಕಿ ತಂದೆ. ಉಳಿದವು ಎಲ್ಲಿ ಹೋದವೋ.

ಊರಿನಲ್ಲಿ ನಡೆದ ಕಛೇರಿಗಳಿಗೆ ಹೋಗಿ ಕಾಕುವಿಗೆ ಪತ್ರ ಬರೆದೆ. ಮೊದಲನೆಯದು ಆರು ಪುಟ. ಎರಡನೆಯದೂ ದೊಡ್ಡದೇ. ಮೂರನೆಯದನ್ನು ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಬರೆದು ಮುಗಿಸಿದೆ. ನಾಲ್ಕನೆಯದು ಈ ವಾರ ಬರೆಯೋಣ, ಮುಂದಿನ ವಾರ ಬರೆಯೋಣ ಎನ್ನುತ್ತಲೇ ಉಳಿದುಹೋಯಿತು. ನಡುವೆ ಅವರದೊಂದು ಕಾರ್ಡು ಬಂತು. ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು: "ಊರಾಗ ಯಾರೂ ಬಾರಸಾಕತ್ತಿಲ್ಲೇನು?" ಅದಕ್ಕೂ ಉತ್ತರ ಬರೆಯಲಿಲ್ಲ.

ಮುಂದಿನ ವರ್ಷ ಅವರ ಮಗಳ ಫೋನು ಬಂತು. ಕಾಕು ತೀರಿಕೊಂಡು ಹದಿನೈದು ದಿನವಾಗಿತ್ತು. ಅವರ ಹಾಸಿಗೆಯ ಕೆಳಗೆ ನನ್ನ ವಿಳಾಸ, ಫೋನ್ ನಂಬರ್ ಇದ್ದ ಮೂರು ಪತ್ರಗಳು ಸಿಕ್ಕಿದ್ದವಂತೆ, ಮಡಿಕೆಗಳಲ್ಲಿ ಹರಿದು ತುಂಡಾಗಿದ್ದವಂತೆ.

"ಒಂದು ಮಾತು ಕೇಳತೀನ್ರಿ, ತಪ್ಪ ತಿಳಕೋಬ್ಯಾಡ್ರಿ," ಎಂದರು ಅವರು. "ಪತ್ರದಾಗ ಬರೇ ಡ್ರಮ್ಮು, ಪಿಯಾನೊ ಅಂತ ಬರದೀರಿ. ನಮ್ಮವ್ವಗ ಅದೆಲ್ಲಾ ಯಾಕ್ರಿ? ಆಕಿ ನಮ್ಮ ಮನ್ಯಾಗ ಒಂದು ದಿನಾನೂ ಹಾಡು ಹಚ್ಚಿದಾಕಿ ಅಲ್ಲ. ಆಕಿಗೆ ಸಂಗೀತ ಸೇರತಿರಲಿಲ್ಲ."

ಮಗಳು ಹುಟ್ಟಿ ಬೆಳೆದ ಮನೆಯಲ್ಲೇ ಎರಡು ಬೀರು ತುಂಬಿದ್ದವು. ಅವರಿಗೆ ಅದು ಗೊತ್ತೇ ಇರಲಿಲ್ಲ. "ಅವರಿಗೆ ತುಂಬ ಇಷ್ಟ ಇತ್ತು" ಎಂದಷ್ಟೇ ಹೇಳಿದೆ. ಆ ಕಡೆ ಅವರು ಅಳತೊಡಗಿದರು.

ಈಗ ಈ ಊರಿನಲ್ಲಿ ಜಾಝ್‌ಗೆ ಕೊರತೆಯಿಲ್ಲ. ಗಚ್ಚಿಬೌಲಿಯಲ್ಲೇ ತಿಂಗಳಿಗೊಮ್ಮೆಯಾದರೂ ಯಾರಾದರೂ ಬಾರಿಸುತ್ತಾರೆ. ಒಂದನ್ನೂ ತಪ್ಪಿಸುವುದಿಲ್ಲ. ನಾಲ್ಕು ಮಂದಿ ಕೂಡುವ ಕಡೆಗೇ ಹೋಗುತ್ತೇನೆ, ನಾನೂರು ಮಂದಿಯ ನಡುವೆ ಒಬ್ಬನೇ ಕುಳಿತಿರುತ್ತೇನೆ. ಕಛೇರಿ ಮುಗಿದು ಎಲ್ಲರೂ ಕಾರುಗಳ ಕಡೆ ನಡೆಯುವಾಗ, ಇವತ್ತು ಅವನು ಹೇಗೆ ಬಾರಿಸಿದ ಎಂದು ಯಾರಿಗಾದರೂ ಹೇಳಬೇಕೆನ್ನಿಸುತ್ತದೆ. ಹೇಳಲು ಬೇಕಾದ ಮಾತುಗಳೆಲ್ಲ ಸಿದ್ಧವಾಗಿಯೇ ಇರುತ್ತವೆ. ಕಾರಿನಲ್ಲಿ ಕುಳಿತು ಸ್ವಲ್ಪ ಹೊತ್ತು ಹಾಗೇ ಇರುತ್ತೇನೆ. ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಾನೆ, ಹೊರಡುತ್ತೇನೆ.