ಸಾರಿಸದೆ ಬಿಟ್ಟ ಕಟ್ಟೆ

ಬಕೆಟ್ಟಿನೊಳಗೆ ಮೊಣಕೈವರೆಗೆ ಕೈ ಇಳಿಸಿ ಫಾಗೆಸಿ ನಮ್ವೇರ ಕಪ್ಪು ಮಣ್ಣು ಹಿಸುಕುತ್ತಿದ್ದಾರೆ. ಬೇರಿನ ಚೂರು ಸಿಕ್ಕರೆ ಹೊರಗೆ, ಕಲ್ಲು ಸಿಕ್ಕರೆ ಹೊರಗೆ. ಮಣ್ಣು ಗಂಜಿಯ ಹದಕ್ಕೆ ಬಂದಾಗ ಒಂದು ಬೊಗಸೆ ಎತ್ತಿ ಕಟ್ಟೆಯ ಮೇಲೆ ಹಾಕಿ ಅಂಗೈಯನ್ನು ಅರ್ಧ ಚಂದ್ರದಂತೆ ತಿರುಗಿಸುತ್ತಾರೆ. ಬೆರಳ ಗೆರೆಗಳು ಬೀಸಣಿಗೆಯಂತೆ ಮೂಡುತ್ತವೆ. ಅದರ ಪಕ್ಕಕ್ಕೆ ಇನ್ನೊಂದು. ಮುಲಾಂಜೆ ಬೆಟ್ಟದ ನೆತ್ತಿಗೆ ಇನ್ನೂ ಬೆಳಕು ತಾಗಿಲ್ಲ. ನಕೋಮ ಊರಿನ ಚರ್ಚಿನೊಳಗೆ ಮಣ್ಣಿನ ಮೇಲೆ ಕೈ ಜಾರುವ ಸದ್ದು ಮಾತ್ರ ಕೇಳುತ್ತದೆ.

ಪ್ರತಿ ಶನಿವಾರವೂ ಹೀಗೆಯೇ, ಹತ್ತೊಂಬತ್ತು ವರ್ಷಗಳಿಂದ. ಆರಾಧನೆಗೆ ಬಂದವರು ಕೂರುವ ಮಣ್ಣಿನ ಕಟ್ಟೆಗಳು ಮೂವತ್ತೆರಡು. ಹದಿನಾಲ್ಕು ಬಕೆಟ್ ಮಣ್ಣು ಬೇಕು. ಹೊಳೆದಂಡೆಯಿಂದ ತಲೆಯ ಮೇಲೆ ಹೊತ್ತು ತರಬೇಕು. ನಾಲ್ಕು ಗಂಟೆಗೆ ಶುರು ಮಾಡಿದರೆ ಹತ್ತಕ್ಕೆ ಮುಗಿಯುತ್ತದೆ, ಭಾನುವಾರದ ಹೊತ್ತಿಗೆ ಒಣಗಿರುತ್ತದೆ. ಮೊದಲು ಅವರ ತಾಯಿ ಈ ಕೆಲಸ ಮಾಡುತ್ತಿದ್ದರು. ತಾಯಿ ತೀರಿಕೊಂಡ ವಾರ ಇವರು ಬಕೆಟ್ ಎತ್ತಿಕೊಂಡರು. ಯಾರೂ ನೇಮಿಸಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಗಂಡ ಸತ್ತ ವರ್ಷವೂ, ಜೋಳ ಕೈಕೊಟ್ಟ ವರ್ಷವೂ ಕಟ್ಟೆಗಳು ಒಣಗಿ ಬಿರಿಯಲಿಲ್ಲ. ಚಳಿಗಾಲದಲ್ಲಿ ಬಿರಿಯುವುದು ಅವರ ಅಂಗೈ.

ಫಾಗೆಸಿ ಎರಡನೇ ತರಗತಿಗೇ ಶಾಲೆ ಬಿಟ್ಟವರು. ಚರ್ಚಿನ ಸಭೆಯ ಹಾಜರಿ ಪುಸ್ತಕ ಅವರಿಗೆ ಓದಲು ಬರುವುದಿಲ್ಲ. ಅವರು ಓದುವುದು ಕಟ್ಟೆಯನ್ನು. ಈ ಸಭೆಯಲ್ಲಿ ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ, ಪ್ರತಿಯೊಬ್ಬರಿಗೂ ತಮ್ಮದೇ ಜಾಗ. ಆರಾಧನೆ ಮುಗಿದ ಮೇಲೆ ಕುಳಿತವರ ಜಾಗದಲ್ಲಿ ಗೆರೆ ಅಳಿಸಿರುತ್ತದೆ. ಬಾರದವರ ಜಾಗದಲ್ಲಿ ಬೀಸಣಿಗೆ ಹಾಗೆಯೇ ಇರುತ್ತದೆ.

"ಪುಸ್ತಕದಲ್ಲಿ ಬರೆಯೋಕೆ ಮುಂಚೆ ನಂಗೆ ಗೊತ್ತಾಗುತ್ತೆ," ಎನ್ನುತ್ತಾರೆ. "ಗೆರೆ ಉಳೀತು ಅಂದ್ರೆ ಆ ಮನೇಲಿ ಏನೋ ಆಗಿದೆ ಅಂತ್ಲೇ ಲೆಕ್ಕ."

ಎಡಗಡೆಯ ನಾಲ್ಕನೇ ಕಟ್ಟೆ, ಗೋಡೆಯ ಮೂಲೆ. ಅದು ಮೆಲಿಫಜ್ಜಿಯ ಜಾಗ. ಅಲ್ಲಿ ವರ್ಷದಿಂದ ಗೆರೆ ಅಳಿಸಿಲ್ಲ.

ನಕೋಮದಲ್ಲಿ ಪ್ರಭುಭೋಜನ, ಅಂದರೆ ಪ್ರಭುವಿನ ನೆನಪಿಗೆ ಚರ್ಚಿನ ಮೇಜಿನ ಮೇಲೆ ರೊಟ್ಟಿ ಮುರಿದು ಹಂಚುವುದು, ವರ್ಷಕ್ಕೆ ನಾಲ್ಕು ಸಲ. ಅದರ ಹಿಂದಿನ ವಾರ ಸಭೆಯ ಹಿರಿಯರು ತಮ್ಮ ಪಾಲಿನ ಮನೆಮನೆಗೆ ಹೋಗಿ, ಚಾಪೆಯ ಮೇಲೆ ಕುಳಿತು, ಕಷ್ಟಸುಖ ಕೇಳಿ, ಪ್ರಾರ್ಥಿಸಿ, ಚೀಟಿ ಕೊಡಬೇಕು. ಸದಸ್ಯರು ಆ ಚೀಟಿ ಹಿಡಿದು ಮೇಜಿನ ಬಳಿ ಬರಬೇಕು. ಮೂರು ಸಲ ಚೀಟಿ ಬಾರದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಹೆಸರಿಲ್ಲದವರು ಸತ್ತರೆ ಮಣ್ಣು ಮಾಡಲು ಸಭಾಪಾಲಕರು ಬರುವುದಿಲ್ಲ, ಬಿಳಿ ರವಿಕೆ ತೊಟ್ಟ ಮಹಿಳಾ ಸಂಘದವರು ಹಾಡುವುದಿಲ್ಲ.

ಕಳೆದ ಮಳೆಗಾಲದ ಪ್ರವಾಹದಲ್ಲಿ ಹೊಳೆಯ ಮರದ ಸಂಕ ಕೊಚ್ಚಿಹೋಯಿತು. ಆಚೆ ದಡ ಹಿರಿಯ ಜೈಲೋಸಿ ಮಕವ ಅವರ ಪಾಲಿನದು. ಅವರು ದಾಟುವುದನ್ನು ಬಿಟ್ಟು, ಚೀಟಿಗಳನ್ನೆಲ್ಲ ಈಚೆ ದಡದ ಅಂಗಡಿಯಲ್ಲಿ ಕೊಟ್ಟು ಬಂದರು. ಕಾಲಿದ್ದವರು ಬಂದು ಒಯ್ದರು. ಆಚೆ ದಡದ ಮನೆಯಲ್ಲಿ ಮೆಲಿಫಜ್ಜಿ ಸೊಂಟ ಮುರಿದುಕೊಂಡು ಮಲಗಿದ್ದರು. ಅವರ ಮೂರೂ ಚೀಟಿಗಳು ಅಂಗಡಿಯ ಉಪ್ಪಿನ ಡಬ್ಬಿಯ ಕೆಳಗೇ ಉಳಿದವು. ನಾಲ್ಕನೆಯದನ್ನು ಯಾರೂ ಬರೆಯಲಿಲ್ಲ.

"ನನ್ನದೂ ತಪ್ಪಿದೆ," ಎನ್ನುತ್ತಾರೆ ಫಾಗೆಸಿ. "ಗೆರೆ ನೋಡ್ದೆ, ಮಂಡಿನೋವು ಇರ್ಬೇಕು ಅಂದ್ಕೊಂಡು ಸುಮ್ನಾದೆ. ಹೋಗಿ ನೋಡೋಷ್ಟರಲ್ಲಿ ಆರು ತಿಂಗಳು ಕಳೆದಿತ್ತು. ಸಭೆ ಅಂದ್ರೆ ಹಿರಿಯರು ಮಾತ್ರ ಅಲ್ವಲ್ಲ." ಅಂದಿನಿಂದ ಪ್ರತಿ ಬುಧವಾರ ಲಂಗ ಎತ್ತಿಕಟ್ಟಿ ಹೊಳೆ ದಾಟುತ್ತಾರೆ. ಅಜ್ಜಿಯ ನೆಲ ಸಾರಿಸಿ, ತೊಗರಿ ಬೇಯಿಸಿಟ್ಟು ಬರುತ್ತಾರೆ. ಅಜ್ಜಿ ಕೇಳುವುದು ಒಂದನ್ನೇ: "ರೊಟ್ಟಿ ತಂದ್ಯಾ?" ಅವರು ಕೇಳುತ್ತಿರುವುದು ಪ್ರಭುಭೋಜನದ ಮೇಜಿನ ಮೇಲಿನ ರೊಟ್ಟಿಯನ್ನು.

ಹೆಸರು ಹೊಡೆದ ಭಾನುವಾರ ಫಾಗೆಸಿ ಬಾಗಿಲಲ್ಲೇ ಮಕವ ಅವರನ್ನು ತಡೆದರು. ಅಲ್ಲಿದ್ದ ಹೆಂಗಸರು ಆ ಮಾತುಗಳನ್ನು ಇಂದಿಗೂ ಆಡಿ ತೋರಿಸುತ್ತಾರೆ.

"ಹಿರಿಯರೇ, ಅಜ್ಜಿ ಹೆಸರು ಹೊಡೆದ್ರಂತೆ. ಹೋಗಿ ನೋಡಿದ್ರಾ?"

"ನೀನು ಕಟ್ಟೆ ನೋಡ್ಕೊಳಮ್ಮ. ಸಭೆ ನಾವು ನೋಡ್ಕೋತೀವಿ."

"ನೀವು ನೋಡ್ಕೊಂಡಿದ್ರೆ ನಾನ್ಯಾಕೆ ಬಾಯಿ ಬಿಡ್ತಿದ್ದೆ?"

"ಹೊಳೆ ದಾಟೋದು ಹುಡುಗಾಟ ಅಲ್ಲ. ಈ ಬೂಟು ನೋಡು!"

"ನೋಡಿದೆ. ನಂಗೆ ಬೂಟಿಲ್ಲ. ಅದಕ್ಕೇ ದಾಟ್ತೀನಿ."

ಮುಂದಿನ ಶನಿವಾರ ಫಾಗೆಸಿ ಮೂವತ್ತೊಂದು ಕಟ್ಟೆ ಸಾರಿಸಿದರು. ಹಿರಿಯರು ಕೂರುವ ಮುಂದಿನ ಕಟ್ಟೆಗೆ ಕೈ ಹಚ್ಚಲಿಲ್ಲ. ಇಂದಿಗೆ ಏಳು ವಾರ. ಆ ಕಟ್ಟೆ ಬಿರುಕು ಬಿಟ್ಟು ಪುಡಿ ಉದುರಿಸುತ್ತಿದೆ. ಏಳು ಜನ ಹಿರಿಯರ ಕರಿ ಪ್ಯಾಂಟುಗಳ ಹಿಂಬದಿ ಬೂದಿ ಬಣ್ಣಕ್ಕೆ ತಿರುಗಿದೆ. ಅವರು ಕಾಣಿಕೆ ತಟ್ಟೆ ಹಿಡಿದು ಸಾಲಾಗಿ ನಡೆಯುವಾಗ ಹೆಂಗಸರ ಕಡೆ ಸೆರಗುಗಳು ಬಾಯಿಗೆ ಏರುತ್ತವೆ. ಒಬ್ಬ ಹಿರಿಯರು ಹಾಸಿಕೊಂಡು ಕೂರಲು ಮನೆಯಿಂದ ಗೋಣಿಚೀಲ ತರುತ್ತಾರೆ. ಇನ್ನೊಬ್ಬರು ಹೆಂಡತಿಗೆ ಸಾರಿಸಲು ಹೇಳಿದರಂತೆ. "ನೀವು ಮೊದಲು ಹೊಳೆ ದಾಟಿ, ಆಮೇಲೆ ನಾನು ಬಕೆಟ್ ಎತ್ತೀನಿ," ಎಂದರಂತೆ ಆಕೆ.

ಸಭಾಪಾಲಕ ವೈಸನ್ ಚಿಪೇತ ವಯಸ್ಸಿನಲ್ಲಿ ಕಿರಿಯರು. ಒಂಬತ್ತು ಪ್ರಾರ್ಥನಾಲಯಗಳಿಗೆ ಅವರೊಬ್ಬರೇ, ಇರುವುದು ಒಂದು ಸೈಕಲ್. ಈ ಶನಿವಾರ ಅವರೇ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ.

"ಅಮ್ಮಾ, ದೇವರ ಮನೇಲಿ ಹಠ ಸಾಧಿಸ್ಬಾರದು."

ಫಾಗೆಸಿ ಕೈ ನಿಲ್ಲಿಸುವುದಿಲ್ಲ. "ಅಯ್ಯನೋರೇ, ನಿನ್ನೆ ಶುಕ್ರವಾರ ನಿಮ್ಮನೆಗೆ ಸೌದೆ ಬಂತಾ?"

"ಬಂತು."

"ಹೊತ್ತು ತಂದಿದ್ದು ಯಾರು?"

"ನೀವೇ."

"ಹೋದ ವಾರ?"

"ನೀವೇ ಅಮ್ಮಾ."

"ಅದನ್ನ ನಾನು ನಿಲ್ಸಿಲ್ಲ. ನಿಮ್ಮನ್ನ ಸಾಕೋದು ನಮ್ಮ ಪಾಲು. ಕುರಿ ಎಲ್ಲಿ ಬಿದ್ದಿದೆ ಅಂತ ಹುಡುಕೋದು ನಿಮ್ಮ ಪಾಲು. ನಾನು ನನ್ನ ಪಾಲು ಬಿಟ್ಟಿಲ್ಲ, ನಿಮ್ಮ ಪಾಲನ್ನೂ ಬಿಡೋಕೆ ಬಿಡಲ್ಲ."

"ಪುಸ್ತಕದಲ್ಲಿ ಹೊಡೆದ ಹೆಸರನ್ನ ಮತ್ತೆ ಬರೀಬೇಕಂದ್ರೆ ಹಿರಿಯರೆಲ್ಲ ಒಪ್ಪಬೇಕು. ನಾನೊಬ್ಬನೇ..."

"ಪುಸ್ತಕ ಹಾಗಿರ್ಲಿ. ಅಜ್ಜಿ ಇನ್ನೂ ಉಸಿರಾಡ್ತಿದ್ದಾರೆ, ಅದು ನಿಲ್ಲೋದ್ರೊಳಗೆ ಬನ್ನಿ."

ಸಭಾಪಾಲಕರು ಸೈಕಲ್ ತಳ್ಳಿಕೊಂಡು ಹೋಗುತ್ತಾರೆ. ಫಾಗೆಸಿ ಎಡಗಡೆಯ ಮೂಲೆಗೆ ಬಂದು, ಎಲ್ಲ ಜಾಗಕ್ಕಿಂತ ನಿಧಾನವಾಗಿ ಅಂಗೈ ತಿರುಗಿಸುತ್ತಾರೆ.

ಭಾನುವಾರ ಪ್ರಭುಭೋಜನ. ಚೀಟಿಗಳು ತಟ್ಟೆಗೆ ಬೀಳುತ್ತವೆ, ರೊಟ್ಟಿ ಮುರಿಯುತ್ತಾರೆ, ಬಟ್ಟಲು ಸುತ್ತು ಬರುತ್ತದೆ. ಪ್ರಕಟಣೆಯ ಹೊತ್ತಿಗೆ ಫಾಗೆಸಿ ಎದ್ದು ನಿಲ್ಲುತ್ತಾರೆ. ಹುದ್ದೆ ಇಲ್ಲದವರು ಇಲ್ಲಿ ಹಾಗೆ ಎದ್ದು ನಿಲ್ಲುವುದಿಲ್ಲ. ಅವರ ಉಗುರುಗಳ ಸಂದಿಯಲ್ಲಿ ಕಪ್ಪು ಮಣ್ಣು ಹಾಗೆಯೇ ಇದೆ.

"ಮೆಲಿಫಜ್ಜಿಗೆ ಈಗ ನೀರೂ ಸರಿಯಾಗಿ ಇಳೀತಿಲ್ಲ," ಎನ್ನುತ್ತಾರೆ. "ನಾಳೆ ಬೆಳಿಗ್ಗೆ ಹೊಳೆ ದಾಟ್ತೀನಿ. ನೀರು ಮೊಣಕಾಲಿಗಷ್ಟೇ ಇದೆ. ಮೇಜಿನ ಮೇಲೆ ರೊಟ್ಟಿ ಉಳಿದಿದೆ, ಅದನ್ನ ಕೊಡೋ ಅಧಿಕಾರ ನಂಗಿಲ್ಲ."

ಮಕವ ಮೊಣಕಾಲಿನ ಮೇಲಿನ ಧೂಳು ಕೊಡವಿಕೊಳ್ಳುತ್ತಾರೆ. ಸಭಾಪಾಲಕರು ಮುಂದಿನ ಕಟ್ಟೆಯ ಕಡೆ ನೋಡುತ್ತಾರೆ. ಮುಂದಿನ ಕಟ್ಟೆ ನೆಲ ನೋಡುತ್ತದೆ. ಫಾಗೆಸಿ ಕೂರುವುದಿಲ್ಲ.

"ಎಲ್ರೂ ಬೇಡ. ಆ ರೊಟ್ಟಿ ಹಿಡ್ಕೊಂಡು ನಿಮ್ಮಲ್ಲಿ ಒಬ್ರು ನನ್ನ ಜೊತೆ ಬನ್ನಿ."