ಬಸುರಿಯರು ಕಾಯ್ದ ಪಡಸಾಲೆ

ಗೌರತ್ತಿ ಹೆಂಗಸರನ್ನು ಮುಖ ನೋಡಿ ಮಾತಾಡಿಸುತ್ತಿರಲಿಲ್ಲ, ನಡಿಗೆ ನೋಡಿ ಮಾತಾಡಿಸುತ್ತಿದ್ದಳು. ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮಗೆ ಮದುವೆಯಾದ ಹೊಸತು. ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಗೌರತ್ತಿಯವರ ಹಳೆಯ ದೊಡ್ಡ ವಾಡೆಯಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು, ಟಾಂಗಾದಿಂದ ಟ್ರಂಕು ಇಳಿಸುತ್ತಿದ್ದೆವು. ಬಾಗಿಲಲ್ಲಿ ನಿಂತಿದ್ದ ಕುಳ್ಳ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನರ ಸುದ್ದಿ ಐತೇನ ಬೇ?" ಎಂದಳು. ಊರ ಸುದ್ದಿ ಕೇಳುತ್ತಿದ್ದಾಳೆಂದು ತಿಳಿದು, "ಬಬಲೇಶ್ವರದಾಗ ಎಲ್ಲಾರೂ ಆರಾಮ ಅದಾರ್ರಿ" ಎಂದೆ. ಅವಳು ಹಣೆ ಬಡಿದುಕೊಂಡಳು.

"ಅಯ್ಯ ನನ್ನ ಶಿವನ! ನಿಮ್ಮೂರ ಸುದ್ದಿ ಯಾರಿಗೆ ಬೇಕಾಗೇತಿ? ಹೊಟ್ಟಿ ಸುದ್ದಿ ಕೇಳಿದೆ ನಾ!"

ಟಾಂಗಾದವನ ಎದುರಿಗೇ ಈ ಮಾತು! ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿದೆ. ಎಂಥಾ ಬಾಯಿಬಡಕಿಯ ಮನೆಗೆ ಬಂದೆವಪ್ಪಾ ಎಂದು ಆ ದಿನವೆಲ್ಲ ನಮ್ಮವರ ಮೇಲೆ ಸಿಟ್ಟು ಮಾಡಿದ್ದೆ.

ವಾಡೆ ಕಟ್ಟಿಸಿದ್ದು ಗೌರತ್ತಿಯ ಅಜ್ಜ, ಹತ್ತಿಯ ದೊಡ್ಡ ವ್ಯಾಪಾರಿ. ದಾಂಡೇಲಿಯ ಕಡೆಯಿಂದ ಎತ್ತಿನ ಗಾಡಿಯಲ್ಲಿ ಬಂದ ಸಾಗವಾನಿ ಕಂಬಗಳು, ರಸ್ತೆಯ ಕಡೆಗೆ ತೆರೆದ ಉದ್ದನೆಯ ಪಡಸಾಲೆ, ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲ ಬರುವ ಮೊದಲು ಗೌರತ್ತಿ ಸೀರೆ ಮೇಲಕ್ಕೆ ಸಿಕ್ಕಿಸಿ ತಾನೇ ಮಾಳಿಗೆ ಹತ್ತಿ, ನಿಂತು ಸೋರದಂತೆ ಸವಳು ಮಣ್ಣು ಹಾಕಿಸುತ್ತಿದ್ದಳು. ಅವಳ ಹಿಂದೆಯೇ ಗುಂಡ ಎಂಬ ಅವಳ ಗಂಡುಬೆಕ್ಕೂ ಹತ್ತುತ್ತಿತ್ತು. ಪಡಸಾಲೆಯ ನಡುಗಂಬದಲ್ಲಿ ಕುಳಿತವರ ಬೆನ್ನು ತಾಗುವ ಎತ್ತರಕ್ಕೆ ಒಂದು ಕಪ್ಪು ಜಿಡ್ಡಿನ ಕಲೆ ಇತ್ತು. ಅವಳ ಅಪ್ಪ ಗಾದಿಯ ಮೇಲೆ ಕೂತು, ಎಣ್ಣೆ ಹಚ್ಚಿದ ಮೈ ಆನಿಸಿ ವ್ಯಾಪಾರ ಮಾಡಿದ ಜಾಗ ಅದು. ಅವಳ ಅಣ್ಣನ ಸೊಸೆಯಂದಿರು ಒಮ್ಮೆ ಸೋಡಾ ಹಾಕಿ ತಿಕ್ಕಲು ಹೋದಾಗ ಹೌಹಾರಿ ಬಂದಳು. "ನಮ್ಮಪ್ಪನ್ನ ತಿಕ್ಕಿ ತಗೀತೀರೇನ್ರೇ?"

ಅವಳನ್ನು ತಿಕೋಟಾಕ್ಕೆ ಕೊಟ್ಟಿದ್ದರಂತೆ. ವರ್ಷದೊಳಗೆ ಗಂಡ ತೀರಿಕೊಂಡ, ತವರಿಗೆ ತಿರುಗಿ ಬಂದಳು. "ತಿಕೋಟಾದಾಗ ನಾ ಕಂಡದ್ದು ಒಂದ ಯುಗಾದಿ ಬೇ. ಬೇವು ತಿಂದೆ, ಬೆಲ್ಲ ಬಾಯಿಗೆ ಬರೂದ್ರಾಗ ಮುಗದಿತ್ತು" ಎಂದು ನಗುತ್ತ ಹೇಳುತ್ತಿದ್ದಳು. ವಾಡೆಯಲ್ಲಿ ಅವಳಿಗೆ ಪಾಲಿರಲಿಲ್ಲ. ಅಲ್ಲಿ ಇರಲು ಜಾಗವಿತ್ತು, ಅಷ್ಟೇ.

ಯಜಮಾನಿಕೆ ಅವಳ ಅಣ್ಣನ ಮಗ ಸಂಗಪ್ಪನದು. ಕೆಟ್ಟವನಲ್ಲ, ಪಾಪ. ತಮ್ಮಂದಿರು, ಅವರ ಹೆಂಡಂದಿರು, ಲೆಕ್ಕಕ್ಕೆ ಸಿಗದಷ್ಟು ಮಕ್ಕಳು, ಎಲ್ಲರೂ ಅವನ ಹೆಗಲ ಮೇಲೆ. ಪಡಸಾಲೆ ಕೆಡವಿ ರಸ್ತೆಗೆ ಅಂಗಡಿ ಕಟ್ಟಿದರೆ ಬಾಡಿಗೆ ಬರುತ್ತದೆ ಎಂಬುದು ಅವನ ಆಸೆ. ಅದಕ್ಕೆಂದು ಪ್ರತಿ ವರ್ಷ ಗೌಂಡಿ ಹುಸೇನಸಾಬನನ್ನು ಕರೆಸುತ್ತಿದ್ದ. ಹುಸೇನಸಾಬ ಹಾರೆ ಎತ್ತಿದನೋ ಇಲ್ಲವೋ, ಅಡಿಗೆಮನೆಯಿಂದ ಗೌರತ್ತಿಯ ಕೂಗು ಬರುತ್ತಿತ್ತು.

"ಹಾರಿ ಕೆಳಗಿಡೋ! ಮನ್ಯಾಗ ಬಸರಿ ಅದಾಳ!"

ಬಸುರಿ ಇರುವ ಮನೆಯಲ್ಲಿ ಗೋಡೆಗೆ ಹಾರೆ ತಾಗಿಸಬಾರದೆಂಬುದು ನಮ್ಮ ಕಡೆಯ ನಂಬಿಕೆ. ಅದನ್ನು ಮೀರುವ ಗಂಡಸು ಆ ಓಣಿಯಲ್ಲಿ ಹುಟ್ಟಿರಲಿಲ್ಲ. ನಾಲ್ವರು ಸೊಸೆಯಂದಿರಲ್ಲಿ ಒಬ್ಬಳಲ್ಲ ಒಬ್ಬಳು ಇದ್ದೇ ಇರುತ್ತಿದ್ದಳು. ಹುಸೇನಸಾಬ ಚಹಾ ಕುಡಿದು ಮನೆಗೆ ಹೋಗುತ್ತಿದ್ದ.

"ಅತ್ತಿ, ಹುಟ್ಟಿದವರಿಗೆ ಕೂಳ ಎಲ್ಲಿಂದ ತರ್ಲಿ? ಅದಕ್ಕ ಅಂಗಡಿ ಬೇಕಾಗ್ಯಾವ ನನಗ!" ಎಂದು ಸಂಗಪ್ಪ ತಲೆ ಚಚ್ಚಿಕೊಳ್ಳುತ್ತಿದ್ದ.

"ಹುಟ್ಟಿಸಿದ ದೇವರು ಹುಲ್ಲು ಮೇಸೂದಿಲ್ಲೋ ಸಂಗ್ಯಾ."

ಅಷ್ಟರಲ್ಲಿ ಕುಟುಂಬ ಯೋಜನೆ ಬಂತು. ವಾಡೆಯ ಹೊರಗೋಡೆಯ ಮೇಲೆಯೇ ಕೆಂಪು ತ್ರಿಕೋನ ಬರೆದು ಹೋದರು. ಸೊಸೆಯಂದಿರಿಗೆ ತಿಳಿಹೇಳಲು ನರ್ಸಬಾಯಿ ಬಂದಾಗ ಗೌರತ್ತಿ ಅಡ್ಡ ನಿಂತಳು. "ನೀ ಇವರಿಗೆ ಆಪರೇಶನ್ ಮಾಡಿದ್ರ ನಮ್ಮ ಪಡಸಾಲಿ ಬೀಳ್ತೈತಿ, ನೋಡವಾ!" ನರ್ಸಬಾಯಿ ಸೊಸೆಯಂದಿರನ್ನೊಮ್ಮೆ, ತೊಲೆಗಳನ್ನೊಮ್ಮೆ ನೋಡಿದಳು. ನಾನು ಬಾಗಿಲ ಹಿಂದೆ ನಿಂತು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆ. ಆದರೆ ಹೆತ್ತು ಹೆತ್ತು ಸೋತಿದ್ದ ಸೊಸೆಯಂದಿರು ಮುದುಕಿಯ ಕಣ್ಣು ತಪ್ಪಿಸಿ ಒಬ್ಬೊಬ್ಬರಾಗಿ ದವಾಖಾನೆಗೆ ಹೋಗಿ ಬಂದರು. ಒಳ್ಳೆಯದೇ ಮಾಡಿದರು.

ಮರುವರ್ಷ ಹುಸೇನಸಾಬ ಬಂದಾಗ ಯಾರೂ ಬಸುರಿಯಿರಲಿಲ್ಲ. ಗೌರತ್ತಿ ನನ್ನ ಕಡೆ ನೋಡಿದಳು, ನಾನು ಇಲ್ಲವೆಂದು ತಲೆಯಾಡಿಸಿದೆ. ಸಂಗಪ್ಪ ಮೀಸೆಯಲ್ಲೇ ನಗತೊಡಗಿದ. ಆಗ ಕೊಟ್ಟಿಗೆಯಲ್ಲಿ ಆಕಳು 'ಅಂಬಾ' ಎಂದಿತು.

"ಆಕಳಾ ಗಬ್ಬ ಐತಿ!" ಎಂದು ಗೌರತ್ತಿ ಜಿಗಿದೆದ್ದಳು.

"ಆಕಳಾ ಮನಿ ಮಂದ್ಯಾಗ ಬರ್ತೈತೇನ ಅತ್ತಿ?"

"ಹಾಲು ಕುಡಿಯೂವಾಗ ಗೋಮಾತಾ, ಈಗ ದನಾ ಆತೇನಲೇ?"

ಆ ವರ್ಷವೂ ಹುಸೇನಸಾಬನಿಗೆ ಚಹಾವೇ ಗತಿಯಾಯಿತು.

ಒಂದು ಮಧ್ಯಾಹ್ನ ಅವಳ ಜೊತೆ ಕೂತು ಜೋಳ ಹಸನು ಮಾಡುತ್ತ, "ಅತ್ತಿ, ಒಂದ ಪಡಸಾಲಿಗೆ ಇಷ್ಟ್ಯಾಕ ಹಟಾ?" ಎಂದು ಕೇಳಿದೆ. ಅವಳು ಮೊರ ಕೆಳಗಿಟ್ಟಳು. "ನನ್ನ ಹೊಟ್ಟ್ಯಾಗ ಒಂದ ಹುಟ್ಟಿದ್ರ, ಅದರ ಮಾರ್ಯಾಗ ನಮ್ಮಪ್ಪನ್ನ ನೋಡ್ತಿದ್ದೆ ಅಕ್ಕೋರ. ಈಗ ಆ ಕಂಬದಾಗ ನೋಡ್ತೇನಿ" ಎಂದಳು. ಸಾಲೆಯಲ್ಲಿ ಕಲಿಸುವವಳೆಂದು ನನ್ನನ್ನು ಆ ಮನೆಯಲ್ಲಿ ಎಲ್ಲರೂ ಅಕ್ಕೋರ ಎನ್ನುತ್ತಿದ್ದರು. ನಾನು ಗೌರತ್ತಿಯನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಆ ಬೇಸಿಗೆಯಲ್ಲಿ ಗೌರತ್ತಿ ಹೋದಳು. ನಾಲ್ಕು ದಿನ ಜ್ವರ ಬಂದದ್ದು ನೆಪ. ಕಾರ್ಯವೆಲ್ಲ ಮುಗಿದ ಮೇಲೆ ಸಂಗಪ್ಪ ಹುಸೇನಸಾಬನನ್ನು ಕರೆಸಿದ. ಆಕಳು ಕರು ಹಾಕಿಯಾಗಿತ್ತು. ಇನ್ನು ಅಡ್ಡ ಬರುವವರು ಯಾರೂ ಇರಲಿಲ್ಲ.

ಹುಸೇನಸಾಬ ಹಾರೆ ಎತ್ತಿದ. ಎತ್ತಿದವನು ಹಾಗೆಯೇ ನಿಂತ. ಅಡಿಗೆಮನೆಯಿಂದ ಏನೂ ಕೇಳಲಿಲ್ಲ.

"ಸಾವಕಾರ್ರ, ಇವತ್ತ ಒಳಗಿಂದ ಯಾರೂ ಬೈಲಿಲ್ರಿ" ಎಂದ.

ಸಂಗಪ್ಪ ಒಳಬಾಗಿಲಿನ ಕಡೆ ತಿರುಗಿದ. ನಾವು ಹೆಂಗಸರೆಲ್ಲ ಅಲ್ಲಿ ನಿಂತಿದ್ದೆವು. "ಯಾರರ ಅದೀರೇನು?" ಎಂದು ಕೇಳಿದ. ಸೊಸೆಯಂದಿರು ತಲೆ ತಗ್ಗಿಸಿದರು. "ಅಕ್ಕೋರ, ನೀವು?" ನಾನೂ ಇಲ್ಲವೆಂದೆ. "ಇಷ್ಟ ದೊಡ್ಡ ಮನ್ಯಾಗ ಒಬ್ಬರೂ ಇಲ್ಲೇನು?" ಎನ್ನುವಾಗ ಅವನ ದನಿ ಜಾತ್ರೆಯಲ್ಲಿ ತಪ್ಪಿಸಿಕೊಂಡ ಹುಡುಗನ ದನಿಯ ಹಾಗಿತ್ತು. ನಡುಗಂಬದ ಬುಡದಲ್ಲಿ ಗೌರತ್ತಿಯ ಬೆಕ್ಕು ಕಾಲು ಚಾಚಿ ಮಲಗಿತ್ತು. ನನ್ನ ಬಾಯಿಗೆ ಅದೆಲ್ಲಿಂದ ಆ ಮಾತು ಬಂತೋ ಶಿವನೇ ಬಲ್ಲ.

"ನಮ್ಮ ಗುಂಡ ಗಬ್ಬ ಆಗ್ಯಾನ್ರಿ, ಸಾವಕಾರ್ರ."

ಮೊದಲು ನಕ್ಕವನು ಹುಸೇನಸಾಬ. ಸೊಸೆಯಂದಿರು ಸೆರಗು ಬಾಯಿಗೆ ಒತ್ತಿಕೊಂಡರು. ಸಂಗಪ್ಪನೂ ನಕ್ಕ. ನಗುತ್ತಲೇ ಕುಸಿದು ಕಂಬಕ್ಕೆ ಬೆನ್ನು ಹಚ್ಚಿ ಕೂತ. ಅವನ ಬೆನ್ನು ಆ ಕಪ್ಪು ಕಲೆಗೇ ಆನಿತ್ತು. ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು, ಬೆಕ್ಕನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ.

"ಹಾರಿ ಕೆಳಗಿಡೋ ಹುಸೇನಾ" ಎಂದ. "ಮನ್ಯಾಗ ಬಸರಿ ಅದಾಳ."